ಲೇಯರ್ ಮಾಸ್ಕ್‌ನಿಂದ ಕರಾವಳಿ: ಎಫೆಕ್ಟ್ ಯಾವ ಅಂಚನ್ನು ಹಿಡಿಯುತ್ತದೆ?

ಫೋಟೊಶಾಪ್‌ನಲ್ಲಿ ಕಾಲ್ಪನಿಕ ಲೋಕದ ನಕ್ಷೆ ಮಾಡುವಾಗ ಮೂರು ದಿನ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ. ನೆಲದ ಸುತ್ತ ಆಳವಿಲ್ಲದ ನೀರಿನಂತೆ ಕಾಣಲಿ ಅಂತ ತಿಳಿನೀಲಿ ಔಟರ್ ಗ್ಲೋ (ಅಂಚಿನಿಂದ ಹೊರಕ್ಕೆ ಹರಡುವ ಹೊಳಪಿನ ಎಫೆಕ್ಟ್) ಹಾಕಿದ್ದೆ. ಒಂದು ಮೂಲೆಯಲ್ಲಿ ನಕ್ಷೆಯ ಹೆಸರು ಬರೆಯಬೇಕಿತ್ತು, ಅಲ್ಲಿ ಮಾತ್ರ ಆ ಗ್ಲೋ ಬೇಡವಾಗಿತ್ತು. ಮಾಸ್ಕ್ ಮೇಲೆ ಕಪ್ಪು ಬಳಿದೆ. ಗ್ಲೋ ಹೋಗಲಿಲ್ಲ! ನೆಲವೇ ಕತ್ತರಿಸಿಹೋಗಿ, ಕತ್ತರಿಸಿದ ಹೊಸ ಅಂಚಿಗೆ ಗ್ಲೋ ಅಂಟಿಕೊಂಡಿತು. ಈಗ ಕಾರಣ ತಿಳಿದಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಪದರ. ಮಾಸ್ಕ್ ಎಂದರೆ ಆ ಪದರದ ಯಾವ ಭಾಗ ಕಾಣಬೇಕು ಅಂತ ಹೇಳುವ ಕಪ್ಪು-ಬಿಳುಪು ಚಿತ್ರ: ಬಿಳಿ ತೋರಿಸುತ್ತದೆ, ಕಪ್ಪು ಮರೆಮಾಡುತ್ತದೆ, ಬೂದು ಅರೆಬರೆ ತೋರಿಸುತ್ತದೆ. ಇದು ಎಲ್ಲರಿಗೂ ಬೇಗ ಹತ್ತುತ್ತದೆ.

ನೆಲದ ಆಕಾರ

ನೆಲದ ಬಣ್ಣದ ಒಂದು ಸಾಲಿಡ್ ಕಲರ್ ಲೇಯರ್ (ಇಡೀ ಕ್ಯಾನ್‌ವಾಸ್‌ಗೆ ಒಂದೇ ಬಣ್ಣ ತುಂಬುವ ಪದರ) ಮಾಡಿ. ಅದರ ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಪರದೆ ತುಂಬ ಮಾಸ್ಕ್ ಒಂದೇ ಕಾಣುತ್ತದೆ. ಡಿ ಒತ್ತಿ ಕಪ್ಪು-ಬಿಳುಪು ತಂದುಕೊಂಡು ಮೋಡದಂಥ ಕಲೆ ಮೂಡಿಸುವ ಕ್ಲೌಡ್ಸ್ ಫಿಲ್ಟರ್ ಓಡಿಸಿ, ಅದರ ಮೇಲೆ ಡಿಫರೆನ್ಸ್ ಕ್ಲೌಡ್ಸ್ ಎರಡು-ಮೂರು ಸಲ. ನಾಲ್ಕೂ ಬದಿಗೆ ಮೆದು ಬ್ರಷ್‌ನಿಂದ ಕಪ್ಪು ಬಳಿಯಿರಿ, ಇಲ್ಲದಿದ್ದರೆ ನೆಲ ಕಾಗದದ ಅಂಚಿನ ತನಕ ಓಡುತ್ತದೆ.

ಆಮೇಲೆ ಥ್ರೆಶೋಲ್ಡ್ ಒತ್ತುವ ಆಸೆ ಆಗುತ್ತದೆ, ಆದರೆ ಅದು ಪ್ರತಿ ಪಿಕ್ಸೆಲ್ ಅನ್ನೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಮಾಡುವುದರಿಂದ ಕರಾವಳಿ ಗರಗಸದ ಹಲ್ಲಿನಂತೆ ಕಾಣುತ್ತದೆ. ನನಗೆ ಚೆನ್ನಾಗಿ ಬಂದದ್ದು ಹೀಗೆ: 1-2 ಪಿಕ್ಸೆಲ್ ಗಾಸಿಯನ್ ಬ್ಲರ್ (ಮಸುಕು ಮಾಡುವ ಫಿಲ್ಟರ್), ನಂತರ ಕಪ್ಪು-ಬಿಳುಪಿನ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪು ಮತ್ತು ಬಿಳಿ ಗುಂಡಿಗಳನ್ನು ತೀರಾ ಹತ್ತಿರ ಎಳೆಯುವುದು. ಅಂಚು ಚೂಪಾಗಿಯೂ ಇರುತ್ತದೆ, ನಯವಾಗಿಯೂ ಇರುತ್ತದೆ. ಒಂದು ಸಲ ಆಲ್ಟ್-ಕ್ಲಿಕ್ ಮಾಡಿ ಸಮುದ್ರದ ಭಾಗ ನಿಜವಾಗಿ ಕಪ್ಪೇ ಅಂತ ನೋಡಿಕೊಳ್ಳಿ. 0ರಿಂದ 255ರ ಅಳತೆಯಲ್ಲಿ 8 ಅಥವಾ 10ರಷ್ಟು ಬೂದು ಉಳಿದಿದ್ದರೂ ಕಣ್ಣಿಗೆ ಕಪ್ಪೇ ಅನಿಸುತ್ತದೆ, ಆದರೆ ನೀರಿನ ಮೇಲೆ ನೆಲದ ಬಣ್ಣದ ತೆಳು ಪೊರೆ ಕೂತಿರುತ್ತದೆ ಮತ್ತು ಎಫೆಕ್ಟ್ ಅಲ್ಲಿಯೂ ಮಬ್ಬಾಗಿ ಮೆತ್ತಿಕೊಳ್ಳುತ್ತದೆ.

ನಾನು ಎಡವಿದ ಜಾಗ

ನಾನು ಮಾಸ್ಕ್ ಅನ್ನು ರಬ್ಬರ್ ಅಂದುಕೊಂಡಿದ್ದೆ. ಕಾಣುತ್ತಿರುವುದನ್ನೆಲ್ಲ ಅಳಿಸುತ್ತದೆ ಅಂತ. ಹಾಗಲ್ಲ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೊದಲು ಮಾಸ್ಕ್ ಲೇಯರ್‌ನ ಆಕಾರವನ್ನು ಕತ್ತರಿಸುತ್ತದೆ, ಆ ಕತ್ತರಿಸಿದ ಅಂಚನ್ನು ಹಿಡಿದು ಸ್ಟ್ರೋಕ್ (ಅಂಚಿನುದ್ದಕ್ಕೂ ಬರುವ ಗೆರೆ), ಗ್ಲೋ, ನೆರಳು ಎಲ್ಲ ಆಮೇಲೆ ಬರುತ್ತವೆ. ಅಂದರೆ ನೀವು ಕಪ್ಪು ಬಳಿದಾಗ ಗ್ಲೋ ಅಳಿಯುತ್ತಿಲ್ಲ, ಹೊಸ ಕರಾವಳಿ ಹುಟ್ಟುತ್ತಿದೆ. ಗ್ಲೋ ಅದರ ಹಿಂದೆ ಹೋಗುತ್ತದೆ, ಅಷ್ಟೇ.

ಲೇಯರ್‌ನ ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ ‘ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್’ (ಮಾಸ್ಕ್ ಎಫೆಕ್ಟ್‌ಗಳನ್ನೂ ಮರೆಮಾಡುತ್ತದೆ) ಅಂತ ಒಂದು ಗುರುತು ಪೆಟ್ಟಿಗೆ ಇದೆ. ಹೆಸರು ನೋಡಿ ಇದೇ ಉತ್ತರ ಅಂತ ಒತ್ತಿದೆ. ಇಡೀ ಕರಾವಳಿಯ ಗ್ಲೋ ಮಾಯವಾಯಿತು! ಇಲ್ಲಿ ನಿಧಾನವಾಗಿ ಯೋಚಿಸಬೇಕು. ಆ ಗುರುತು ಹಾಕಿದರೆ ಕ್ರಮ ತಿರುಗುತ್ತದೆ: ಮೊದಲು ಲೇಯರ್‌ನ ಸ್ವಂತ ಆಕಾರಕ್ಕೆ ಎಫೆಕ್ಟ್, ಆಮೇಲೆ ಮಾಸ್ಕ್ ಎರಡನ್ನೂ ಒಟ್ಟಿಗೆ ಮರೆಮಾಡುತ್ತದೆ. ಆದರೆ ನನ್ನ ಸಾಲಿಡ್ ಕಲರ್ ಲೇಯರ್‌ನ ಸ್ವಂತ ಆಕಾರ ಏನು? ಇಡೀ ಕ್ಯಾನ್‌ವಾಸ್. ಅದಕ್ಕೆ ಕರಾವಳಿ ಅನ್ನುವುದೇ ಇಲ್ಲ, ಕರಾವಳಿ ಇದ್ದದ್ದು ಮಾಸ್ಕ್‌ನಲ್ಲಿ ಮಾತ್ರ. ಹಾಗಾಗಿ ಗ್ಲೋ ಕ್ಯಾನ್‌ವಾಸ್‌ನ ಹೊರಗೆ ಹೋಗಿ ಕೂತಿತು. ನೆಲವನ್ನು ಖಾಲಿ ಲೇಯರ್ ಮೇಲೆ ಬ್ರಷ್‌ನಿಂದಲೇ ಬಿಡಿಸಿದ್ದರೆ ಆ ಗುರುತು ಸರಿಯಾಗಿ ಕೆಲಸ ಮಾಡುತ್ತಿತ್ತು.

ನಮ್ಮಂಥ ಮಾಸ್ಕ್-ನೆಲಕ್ಕೆ ಬೇಕಾದದ್ದು ಎರಡನೇ ಮಾಸ್ಕ್, ಅದೂ ಹೊರಗಡೆ. ನೆಲದ ಲೇಯರ್ ಆರಿಸಿ ಕಂಟ್ರೋಲ್-ಜಿ ಒತ್ತಿ ಗ್ರೂಪ್ ಮಾಡಿ, ಆ ಗ್ರೂಪ್‌ಗೆ ಒಂದು ಮಾಸ್ಕ್ ಹಾಕಿ. ಒಳಗಿನ ಮಾಸ್ಕ್ ಕರಾವಳಿ ಕೊಡುತ್ತದೆ, ಎಫೆಕ್ಟ್ ಒಳಗೇ ತಯಾರಾಗುತ್ತದೆ, ಗ್ರೂಪ್‌ನ ಮಾಸ್ಕ್ ತಯಾರಾದ ಚಿತ್ರವನ್ನು ಮರೆಮಾಡುತ್ತದೆ. ಹೊಸ ಅಂಚು ಹುಟ್ಟುವುದಿಲ್ಲ. ಬಳಿಯುವಾಗ ನೆಲಕ್ಕೆ ಕಪ್ಪು ತಾಗಬಾರದು ಅಂದರೆ, ಒಳಗಿನ ಮಾಸ್ಕ್ ಮೇಲೆ ಕಂಟ್ರೋಲ್-ಕ್ಲಿಕ್ ಮಾಡಿ ನೆಲದ ಆಕಾರ ಆರಿಸಿಕೊಂಡು, ಸೆಲೆಕ್ಷನ್ ತಿರುಗುಮುರುಗು ಮಾಡಿ (ಈಗ ನೆಲದ ಬದಲು ಸಮುದ್ರ ಆಯ್ಕೆಯಾಗಿರುತ್ತದೆ), ಗ್ರೂಪ್‌ನ ಮಾಸ್ಕ್‌ಗೆ ಮರಳಿ ಆಮೇಲೆ ಬಳಿಯಿರಿ. ಆಗ ಸಮುದ್ರದ ಕಡೆಯ ಗ್ಲೋ ಮಾತ್ರ ಹೋಗುತ್ತದೆ. ಮೂಲೆಯಲ್ಲಿ ಮೆದು ಬ್ರಷ್ ಹಿಡಿದರೆ ಗ್ಲೋ ನೀರಿನಲ್ಲಿ ಕರಗಿದ ಹಾಗೆ ಕಾಣುತ್ತದೆ, ತುಂಬ ಚೆನ್ನ.

ಅದೇ ಗುಣ ನದಿಗೆ ವರ

ನನ್ನನ್ನು ಕಾಡಿದ್ದೇ ಈಗ ನನ್ನ ಮೆಚ್ಚಿನ ಉಪಾಯ. ಒಳಗಿನ ಮಾಸ್ಕ್ ಮೇಲೆ ಸಣ್ಣ ಗಟ್ಟಿ ಬ್ರಷ್‌ನಿಂದ ಕಪ್ಪು ಗೆರೆ ಎಳೆದರೆ ಅದೇ ನದಿ. ಕೆಳಗಿನ ನೀರು ಕಾಣುತ್ತದೆ, ಎರಡೂ ದಡಕ್ಕೆ ಸ್ಟ್ರೋಕ್ ತಾನಾಗಿ ಬರುತ್ತದೆ. ಕೆರೆ ಬೇಕಾದರೆ ಒಂದು ಕಪ್ಪು ಚುಕ್ಕೆ ಸಾಕು. ಗೆರೆ ತಪ್ಪಿದರೆ ಎಕ್ಸ್ ಒತ್ತಿ ಬಿಳಿಗೆ ಬಂದು ತುಂಬಿಸಿ. ನದಿ ಮೂಲದಲ್ಲಿ ಸಣ್ಣದಾಗಿ ಶುರುವಾಗಿ ಸಮುದ್ರಕ್ಕೆ ಬರುತ್ತಾ ಅಗಲವಾಗಲಿ, ಉಪನದಿಗಳು ಬಂದು ಸೇರಲಿ. ಮಧ್ಯದಲ್ಲಿ ಸುಮ್ನೆ ಎರಡಾಗಿ ಒಡೆದು ಎರಡು ಬೇರೆ ಸಮುದ್ರ ಸೇರುವ ನದಿ ನೋಡಿದ ಕೂಡಲೇ ಸುಳ್ಳು ಅನಿಸುತ್ತದೆ, ಅಲ್ವಾ? ಸ್ಟ್ರೋಕ್ ಜಾಸ್ತಿ ದಪ್ಪ ಇದ್ದು ಅದರ ಜಾಗ ‘ಔಟ್‌ಸೈಡ್’ ಆಗಿದ್ದರೆ ತೆಳು ನದಿ ಮುಚ್ಚಿಹೋಗುತ್ತದೆ. ‘ಇನ್‌ಸೈಡ್’ ಮಾಡಿ.

ಉಳಿದ ಚೂರುಪಾರು

ಕಾಡು, ಮರಳುಗಾಡಿನ ಟೆಕ್ಸ್ಚರ್‌ಗೆ ನೆಲದ ಮಾಸ್ಕ್ ನಕಲು ಮಾಡಬೇಡಿ. ನಕಲು ಮಾಡಿದರೆ ಒಂದನ್ನು ತಿದ್ದಿದಾಗ ಇನ್ನೊಂದು ಹಳೆಯದೇ ಇರುತ್ತದೆ. ಗ್ರೂಪ್ ಒಳಗೆ ನೆಲದ ಮೇಲಿಟ್ಟು ಕ್ಲಿಪ್ಪಿಂಗ್ ಮಾಸ್ಕ್ ಮಾಡಿ (ಮೇಲಿನ ಲೇಯರ್ ಕೆಳಗಿನದರ ಆಕಾರದೊಳಗೆ ಮಾತ್ರ ಕಾಣುತ್ತದೆ), ಆಗ ನದಿ ಕೊರೆದಾಗ ಕಾಡೂ ಕೊರೆಯುತ್ತದೆ.

ಅಂಚಿನಿಂದ ಒಳಕ್ಕೆ ಹರಡುವ ಇನ್ನರ್ ಗ್ಲೋ ತಾನಾಗಿ ಸ್ಕ್ರೀನ್ ಮೋಡ್‌ನಲ್ಲಿ ಬರುತ್ತದೆ, ಅದು ಬಣ್ಣವನ್ನು ತಿಳಿಯಾಗಿಸುತ್ತದೆ. ಕಂದು ಬಣ್ಣ ಹಾಕಿಯೂ ಹಳೇ ಕಾಗದದ ಕಳೆ ಬರಲಿಲ್ಲ ಎಂದರೆ ಗಾಢವಾಗಿಸುವ ಮಲ್ಟಿಪ್ಲೈಗೆ ಬದಲಿಸಿ.

ಪರ್ವತಕ್ಕೆ ಬೆವೆಲ್ (ಉಬ್ಬಿದಂತೆ ತೋರಿಸುವ ಎಫೆಕ್ಟ್) ಹಾಕಿದ್ದರೆ ‘ಯೂಸ್ ಗ್ಲೋಬಲ್ ಲೈಟ್’ ಗಮನಿಸಿ. ಒಂದು ಕಡೆ ಕೋನ ಬದಲಿಸಿದರೆ ಅದನ್ನು ಬಳಸುವ ಎಲ್ಲ ಎಫೆಕ್ಟ್‌ಗಳ ನೆರಳೂ ತಿರುಗುತ್ತದೆ. ನಕ್ಷೆಗಳಲ್ಲಿ ಬೆಳಕು ಎಡಗಡೆ ಮೇಲಿನಿಂದ ಬರುವುದು ವಾಡಿಕೆ, ಅಂದರೆ ಇಲ್ಲಿ 135 ಡಿಗ್ರಿ.

ಮತ್ತೆ, ಚಿತ್ರದ ಅಳತೆ ಬದಲಿಸುವಾಗ ‘ಸ್ಕೇಲ್ ಸ್ಟೈಲ್ಸ್’ ಹಾಕಿದೆಯೇ ನೋಡಿ. ಅದಿಲ್ಲದೆ ಅರ್ಧಕ್ಕೆ ಇಳಿಸಿದರೆ 4 ಪಿಕ್ಸೆಲ್‌ನ ಸ್ಟ್ರೋಕ್ 4 ಆಗಿಯೇ ಉಳಿದು, ಇಷ್ಟು ಕಷ್ಟಪಟ್ಟು ಕೊರೆದ ನದಿಗಳ ದಡ ದಪ್ಪ ಕಪ್ಪು ಹಗ್ಗದಂತೆ ಕಾಣುತ್ತದೆ.