ಕೇಳಿದ್ದನ್ನೆಲ್ಲ ನಂಬುವ ಪೆಟ್ಟಿಗೆ

ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ನೆಟ್‌ವರ್ಕ್ ಸ್ವಿಚ್ಚನ್ನು ಡಬ್ಬದಿಂದ ತೆಗೆದು, ವಿದ್ಯುತ್ ಸಂಪರ್ಕ ಕೊಟ್ಟು, ನಾಲ್ಕಾರು ಕಂಪ್ಯೂಟರುಗಳ ಕೇಬಲ್ ಸಿಕ್ಕಿಸಿದರೆ ಸಾಕು, ಯಾರೂ ಏನನ್ನೂ ಹೇಳಿಕೊಡದೆಯೇ ಅದು ಕೆಲಸ ಆರಂಭಿಸುತ್ತದೆ. ಹಾಗಿದ್ದ ಮೇಲೆ ಅದನ್ನು ಕಾನ್ಫಿಗರ್ ಮಾಡುವ, ಎಂದರೆ ಬೇಕಾದಂತೆ ಹೊಂದಿಸುವ, ದಿನವೂ ನಿಗಾ ಇಟ್ಟು ನಿರ್ವಹಿಸುವ ಅಗತ್ಯವಾದರೂ ಏನು ಎಂಬ ಪ್ರಶ್ನೆ ಸಹಜ. ಸ್ವಿಚ್ ಕೆಲಸ ಕಲಿಯುವ ಬಗೆಯಲ್ಲೇ ಇದಕ್ಕೆ ಉತ್ತರವಿದೆ: ತನ್ನ ಕಿವಿಗೆ ಬಿದ್ದದ್ದನ್ನೆಲ್ಲ ಅದು ನಂಬಿಬಿಡುತ್ತದೆ. ಯಾವುದನ್ನು ನಂಬಬಾರದು ಎಂದು ಅದಕ್ಕೆ ತಿಳಿಹೇಳುವುದೇ ಕಾನ್ಫಿಗರೇಷನ್ನಿನ ಬಹುಪಾಲು.

ಈ ಕೇಬಲ್ಲುಗಳ ಸಂಪರ್ಕ ಪದ್ಧತಿಯಾದ ಈಥರ್ನೆಟ್ಟಿನಲ್ಲಿ ದತ್ತಾಂಶವು ಫ್ರೇಮ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಪ್ರತಿ ಫ್ರೇಮಿನ ಮುಂಭಾಗದಲ್ಲಿ ತಲಾ 48 ಬಿಟ್‌ಗಳ ಎರಡು ಮ್ಯಾಕ್ ವಿಳಾಸಗಳಿರುತ್ತವೆ, ಎಂದರೆ ಸಾಧನಗಳನ್ನು ಗುರುತಿಸುವ ಸಂಖ್ಯೆಗಳು. ಮೊದಲನೆಯದು ಪಡೆಯುವವರದು, ಎರಡನೆಯದು ಕಳಿಸಿದವರದು. ಕೇಬಲ್ ಸಿಕ್ಕಿಸುವ ಕಿಂಡಿಯೇ ಪೋರ್ಟ್. 3ನೇ ಪೋರ್ಟಿನಿಂದ ಒಂದು ಫ್ರೇಮ್ ಬಂದೊಡನೆ ಸ್ವಿಚ್ ಕಳಿಸಿದವರ ವಿಳಾಸವನ್ನು ಓದಿ, ‘ಈ ವಿಳಾಸದವರು 3ನೇ ಪೋರ್ಟಿನಾಚೆ ಇದ್ದಾರೆ’ ಎಂದು ತನ್ನ ಕೋಷ್ಟಕದಲ್ಲಿ ಬರೆದುಕೊಳ್ಳುತ್ತದೆ. ಪಡೆಯುವವರು ಎಲ್ಲಿದ್ದಾರೆಂಬುದು ಇನ್ನೂ ತಿಳಿಯದಿದ್ದರೆ ಉಳಿದ ಎಲ್ಲ ಪೋರ್ಟುಗಳಿಗೂ ಆ ಫ್ರೇಮಿನ ಪ್ರತಿಯನ್ನು ರವಾನಿಸುತ್ತದೆ. 7ನೇ ಪೋರ್ಟಿನಿಂದ ಉತ್ತರ ಬಂದಾಗ ಆ ವಿಳಾಸವೂ ಕೋಷ್ಟಕಕ್ಕೆ ಸೇರಿ, ಅಲ್ಲಿಂದ ಮುಂದೆ ಅವರಿಬ್ಬರ ಮಾತು 3 ಮತ್ತು 7ರ ನಡುವೆಯಷ್ಟೇ ಹರಿಯುತ್ತದೆ. ಸಾಮಾನ್ಯವಾಗಿ 300 ಸೆಕೆಂಡು ಸದ್ದಿಲ್ಲದಿದ್ದ ವಿಳಾಸವನ್ನು ಕೋಷ್ಟಕದಿಂದ ಅಳಿಸಿಹಾಕಲಾಗುತ್ತದೆ.

ಈ ವ್ಯವಸ್ಥೆಯಲ್ಲಿ, ಫ್ರೇಮಿನ ಮೇಲೆ ಬರೆದಿರುವ ವಿಳಾಸ ನಿಜವೇ ಎಂದು ಯಾರೂ ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಪೋರ್ಟಿನಿಂದ ಸಾವಿರಾರು ಸುಳ್ಳು ವಿಳಾಸಗಳನ್ನು ತೂರಿದರೆ ಕೋಷ್ಟಕ ತುಂಬಿಹೋಗುತ್ತದೆ. ಹೊಸದಾಗಿ ಕಲಿಯಲು ಜಾಗವಿಲ್ಲದ ಸ್ವಿಚ್, ಗೊತ್ತಿಲ್ಲದ ವಿಳಾಸದ ಫ್ರೇಮುಗಳನ್ನೆಲ್ಲ ಎಲ್ಲರಿಗೂ ಹಂಚತೊಡಗುತ್ತದೆ, ಕದ್ದು ಕೇಳಲು ಕಾದಿರುವವನಿಗೂ ಸೇರಿಸಿ. ಒಂದು ಪೋರ್ಟಿನಲ್ಲಿ ಒಂದೋ ಎರಡೋ ವಿಳಾಸಗಳಿಗಿಂತ ಹೆಚ್ಚು ಕಂಡರೆ ಆ ಪೋರ್ಟನ್ನೇ ಮುಚ್ಚುವ ‘ಪೋರ್ಟ್ ಸೆಕ್ಯುರಿಟಿ’ ಇದಕ್ಕೆ ನೇರವಾದ ಮದ್ದು.

ದುರುದ್ದೇಶವೇ ಇಲ್ಲದೆ ಆಗುವ ಅನಾಹುತ ಇದಕ್ಕಿಂತ ಘೋರವಾದುದು. ಸಭಾಕೊಠಡಿಯನ್ನು ಓರಣಗೊಳಿಸುವವರು, ಒಂದು ತುದಿ ಈಗಾಗಲೇ ಗೋಡೆಯ ನೆಟ್‌ವರ್ಕ್ ಸಾಕೆಟ್ಟಿನಲ್ಲಿರುವ ಕೇಬಲ್ಲಿನ ಜೋತಾಡುತ್ತಿರುವ ಇನ್ನೊಂದು ತುದಿಯನ್ನು ಪಕ್ಕದ ಸಾಕೆಟ್ಟಿಗೇ ಸಿಕ್ಕಿಸಿದರು ಎಂದುಕೊಳ್ಳೋಣ. ಸ್ವಿಚ್ಚಿನಿಂದ ಹೊರಟದ್ದು ಈಗ ಸ್ವಿಚ್ಚಿಗೇ ಮರಳುತ್ತದೆ. ಇಂಟರ್ನೆಟ್ಟಿನ ಐಪಿ ಪ್ಯಾಕೆಟ್ಟಿನಲ್ಲಿ ‘ಇನ್ನಿಷ್ಟೇ ಹೆಜ್ಜೆ’ ಎಂದು ಇಳಿಯುತ್ತಾ ಹೋಗುವ ಒಂದು ಎಣಿಕೆ ಇರುತ್ತದೆ, ಈಥರ್ನೆಟ್ ಫ್ರೇಮಿನಲ್ಲಿ ಅಂಥದ್ದೇನೂ ಇಲ್ಲ. ಹಾಗಾಗಿ ಎಲ್ಲರಿಗೂ ಡಂಗುರ ಸಾರುವ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಈ ಸುತ್ತಿಗೆ ಸಿಕ್ಕಿಕೊಂಡರೆ ಅದಕ್ಕೆ ಸಾವಿಲ್ಲ, ಸುತ್ತು ಬಂದಾಗಲೆಲ್ಲ ಉಳಿದ ಪೋರ್ಟುಗಳಿಗೂ ಅದರ ಪ್ರತಿ ಹೋಗುತ್ತಲೇ ಇರುತ್ತದೆ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಾಗಿ, ಬಿಡುವಿಲ್ಲದೆ ಮಿನುಗತೊಡಗಿದರೆ ಅನುಭವಿಗಳು ಮೊದಲು ಶಂಕಿಸುವುದು ಇದನ್ನೇ.

ಇದಕ್ಕೆ ಪರಿಹಾರ ಕಂಡುಕೊಂಡವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್. 1985ರಲ್ಲಿ ಅವರು ರೂಪಿಸಿದ ಸ್ಪ್ಯಾನಿಂಗ್ ಟ್ರೀ ಕ್ರಮದಲ್ಲಿ ಸ್ವಿಚ್ಚುಗಳು ಎರಡು ಸೆಕೆಂಡಿಗೊಮ್ಮೆ ಪರಸ್ಪರ ಸಂದೇಶ ಕಳಿಸುತ್ತಾ, ತಮ್ಮಲ್ಲೊಂದನ್ನು ಬೇರು ಎಂದು ಆರಿಸಿಕೊಂಡು, ಬಳಸುದಾರಿಗಳನ್ನು ತಡೆದು, ಸುತ್ತೇ ಇಲ್ಲದ ಮರವೊಂದನ್ನು ಉಳಿಸಿಕೊಳ್ಳುತ್ತವೆ. ಅನೇಕ ಸ್ವಿಚ್ಚುಗಳಲ್ಲಿ ಇದು ತಾನಾಗಿಯೇ ಚಾಲ್ತಿಯಲ್ಲಿರುತ್ತದೆ, ಆದರೆ ಅದರ ಆಯ್ಕೆಯನ್ನು ಅದಕ್ಕೇ ಬಿಡುವುದು ಜಾಣತನವಲ್ಲ. ಎಲ್ಲ ಸ್ವಿಚ್ಚುಗಳೂ 32768 ಎಂಬ ಒಂದೇ ಆದ್ಯತೆಯೊಡನೆ ಹುಟ್ಟುವುದರಿಂದ ಪೈಪೋಟಿ ಸಮವಾಗಿ, ಅತಿ ಚಿಕ್ಕ ಮ್ಯಾಕ್ ವಿಳಾಸವುಳ್ಳದ್ದೇ ಗೆಲ್ಲುತ್ತದೆ. ಒಂದೇ ತಯಾರಕರ ಸ್ವಿಚ್ಚುಗಳಲ್ಲಿ ಚಿಕ್ಕ ವಿಳಾಸ ಹಲವು ಸಲ ಹಳೆಯ ಪೆಟ್ಟಿಗೆಯದೇ ಆಗಿರುತ್ತದೆ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಅತಿ ನಿಧಾನದ ಸ್ವಿಚ್ ಇಡೀ ನೆಟ್‌ವರ್ಕಿನ ಬೇರು ಆಗಿಬಿಡುವುದು ಹೀಗೆ. ನಡುವಿನ ಬಲಿಷ್ಠ ಸ್ವಿಚ್ಚಿಗೆ 4096 ಎಂಬ ಆದ್ಯತೆ ಕೊಟ್ಟರೆ ಕೆಲಸ ಮುಗಿಯಿತು, ಇಲ್ಲಿ ಚಿಕ್ಕ ಸಂಖ್ಯೆಯದೇ ಗೆಲುವು. ಒಂದು ಸಾಲಿನ ಈ ಆದೇಶವನ್ನು ಬರೆಯದ ನೆಟ್‌ವರ್ಕುಗಳು ಇಂದಿಗೂ ಎಷ್ಟೋ ಇವೆ ಎಂಬುದು ನನಗಂತೂ ಅಚ್ಚರಿಯ ವಿಷಯ.

ಒಂದು ಸ್ವಿಚ್ಚನ್ನು ಹಲವು ಸ್ವಿಚ್ಚುಗಳಂತೆ ವಿಭಜಿಸುವುದು ವಿಲ್ಯಾನ್ (ವರ್ಚುವಲ್ ಲ್ಯಾನ್) ಎಂಬ ವ್ಯವಸ್ಥೆಯ ಕೆಲಸ. 1998ರಲ್ಲಿ ಹೊರಬಂದ 802.1ಕ್ಯೂ ಮಾನಕದ ಪ್ರಕಾರ ಫ್ರೇಮಿಗೆ ನಾಲ್ಕು ಬೈಟುಗಳ ಚೀಟಿಯೊಂದನ್ನು ಸೇರಿಸಲಾಗುತ್ತದೆ. ಅದರಲ್ಲಿ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು, ಹಾಗಾಗಿ ಬಳಸಬಹುದಾದ ಸಂಖ್ಯೆಗಳು 1ರಿಂದ 4094ರವರೆಗೆ. ಕಂಪ್ಯೂಟರಿಗೆ ಹೋಗುವ ಆಕ್ಸೆಸ್ ಪೋರ್ಟು ಒಂದೇ ವಿಲ್ಯಾನಿಗೆ ಸೇರಿರುತ್ತದೆ, ಎರಡು ಸ್ವಿಚ್ಚುಗಳನ್ನು ಬೆಸೆಯುವ ಟ್ರಂಕ್ ಹಲವನ್ನು ಹೊರುತ್ತದೆ.

ಈ ಟ್ರಂಕಿನಲ್ಲೇ ಕುಖ್ಯಾತವಾದ ತಪ್ಪೊಂದು ಹೊಂಚು ಹಾಕಿದೆ. ಸಿಸ್ಕೋ ಕಂಪನಿಯ ಸ್ವಿಚ್ಚಿನಲ್ಲಿ 10 ಮತ್ತು 20ನೇ ವಿಲ್ಯಾನುಗಳು ಸಾಗುತ್ತಿರುವ ಟ್ರಂಕಿಗೆ 30ನ್ನೂ ಸೇರಿಸಬೇಕಾದರೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 30’ ಎಂದು ಬರೆಯಬೇಕು. ಅದರಲ್ಲಿ ‘ಆಡ್’ ಬಿಟ್ಟುಹೋದರೆ 30 ಮಾತ್ರ ಉಳಿದು, ಮೊದಲಿದ್ದ ಎರಡೂ ಮರುಕ್ಷಣವೇ ನಿಂತುಹೋಗುತ್ತವೆ. ನಿರ್ವಾಹಕರು ಆ ಆದೇಶವನ್ನು ದೂರದಿಂದ 10ನೇ ವಿಲ್ಯಾನಿನ ಮೂಲಕವೇ ಕಳಿಸಿದ್ದರೆ ಕೂತ ಕೊಂಬೆಯನ್ನೇ ಕಡಿದಂತಾಗುತ್ತದೆ. ತಿದ್ದಲು ದಾರಿಯಿಲ್ಲದೆ, ಸ್ವಿಚ್ಚಿಗೆ ನೇರವಾಗಿ ಸಿಕ್ಕಿಸುವ ಕನ್ಸೋಲ್ ಕೇಬಲ್ ಹಿಡಿದು ಸ್ವಿಚ್ಚಿನ ಬಳಿಗೇ ಹೋಗಬೇಕಾಗುತ್ತದೆ.

ಸ್ವಿಚ್ಚಿನ ಮರೆವನ್ನೇ ಇಲ್ಲಿ ರಕ್ಷಣೆಯಾಗಿ ಬಳಸಿಕೊಳ್ಳುವ ಉಪಾಯವೊಂದಿದೆ. ಇಂಥ ಸ್ವಿಚ್ಚುಗಳಲ್ಲಿ ಬದಲಾವಣೆಗಳು ಮೊದಲು ತಾತ್ಕಾಲಿಕ ನೆನಪಿನ ‘ರನ್ನಿಂಗ್ ಕಾನ್ಫಿಗ್’ನಲ್ಲಿ ಮಾತ್ರ ಇರುತ್ತವೆ, ಉಳಿಸಲು ಆದೇಶ ಕೊಟ್ಟರಷ್ಟೇ ಅವು ಶಾಶ್ವತವಾದ ‘ಸ್ಟಾರ್ಟಪ್ ಕಾನ್ಫಿಗ್’ಗೆ ಸೇರುತ್ತವೆ. ಆದ್ದರಿಂದ ಅಪಾಯದ ಕೆಲಸಕ್ಕೆ ಕೈಹಾಕುವ ಮುನ್ನ ‘ರಿಲೋಡ್ ಇನ್ 10’ ಎಂದು ಬರೆದಿಟ್ಟರೆ, ಸಂಪರ್ಕ ಕಡಿದುಹೋದರೂ ಹತ್ತು ನಿಮಿಷದಲ್ಲಿ ಸ್ವಿಚ್ ಮರುಚಾಲನೆಗೊಂಡು ಹಳೆಯ ಸ್ಥಿತಿಗೆ ಮರಳುತ್ತದೆ. ಎಲ್ಲವೂ ಸರಿಯಾಗಿದ್ದರೆ ಆ ಗಡುವನ್ನು ರದ್ದುಗೊಳಿಸಿ, ಬದಲಾವಣೆಯನ್ನು ಉಳಿಸಬೇಕು. ಗಡುವು ರದ್ದಾದ ನೆಮ್ಮದಿಯಲ್ಲಿ ಉಳಿಸುವುದನ್ನು ಮರೆತರೆ ಆ ದಿನ ಯಾರಿಗೂ ಏನೂ ತಿಳಿಯುವುದಿಲ್ಲ. ತಿಂಗಳುಗಳ ಬಳಿಕ ಎಂದೋ ವಿದ್ಯುತ್ ಹೋಗಿ ಬಂದಾಗ 30ನೇ ವಿಲ್ಯಾನ್ ಮಾಯವಾಗಿರುತ್ತದೆ, ಮತ್ತು ಅಂದು ಯಾರೂ ಸ್ವಿಚ್ಚನ್ನು ಮುಟ್ಟಿಯೇ ಇರುವುದಿಲ್ಲ.