ಪ್ರೋಗ್ರಾಂ ಸ್ಲೋ ಅಂದ್ರೆ ಮೊದ್ಲು ಅಳೀರಿ, ಆಮೇಲೆ ಕೋಡ್ ಮುಟ್ಟಿ

"ರಿಪೋರ್ಟ್ ಬರೋಕೆ ತುಂಬಾ ಟೈಮ್ ತಗೊಳ್ತಿದೆ" ಅಂತ ಒಂದು ಟಿಕೆಟ್ (ಬಳಸೋರ ದೂರು) ಬಂತು ಅಂದ್ಕೊಳ್ಳಿ. ಟೀಮಲ್ಲಿ ಐದು ಜನ ಇದ್ರೆ ಐದು ಕಾರಣ ಸಿಗತ್ತೆ, ಒಬ್ರು ಡೇಟಾಬೇಸ್ ಅಂತಾರೆ, ಇನ್ನೊಬ್ರು ಸರ್ವರಿಗೆ ರ‍್ಯಾಮ್ ಸಾಲ್ತಿಲ್ಲ ಅಂತಾರೆ, ಮತ್ತೊಬ್ರು ಪೈಥಾನೇ ಸ್ಲೋ, ಬೇರೆ ಲಾಂಗ್ವೇಜಲ್ಲಿ ಹೊಸದಾಗಿ ಬರೆಯೋಣ ಅಂತಾರೆ. ಹೇಳೋರೆಲ್ಲ ಅನುಭವ ಇರೋರೇ, ಆದ್ರೂ ಊಹೆ ತಪ್ಪೋದೇ ಜಾಸ್ತಿ, ಯಾಕಂದ್ರೆ ಕೋಡ್ ಓದುವಾಗ ನಮಗೆ ಕಷ್ಟ ಅನ್ಸೋದು ಒಂದು, ಮಷೀನಿಗೆ ಭಾರ ಆಗೋದು ಇನ್ನೊಂದು. ಮೂರು ಪುಟದ ಫಂಕ್ಷನ್ ಒಂದೇ ಸಲ ಓಡಿ ಮುಗಿದಿರತ್ತೆ, ಒಂದೇ ಸಾಲಿನ ಇಫ್ ಕೋಟಿ ಸಲ ಓಡಿರತ್ತೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1971ರಲ್ಲೇ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಂಗಳನ್ನ ಅಳೆದು ನೋಡಿ, ಸಾಮಾನ್ಯವಾಗಿ ಕೋಡಿನ 4 ಪರ್ಸೆಂಟಿಗಿಂತ ಕಮ್ಮಿ ಭಾಗವೇ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನತ್ತೆ ಅಂತ ತೋರಿಸಿದ್ರು. ಆ ಚೂರು ಎಲ್ಲಿದೆ ಅಂತ ಹುಡುಕೋ ಕೆಲಸಕ್ಕೇ ಪ್ರೊಫೈಲಿಂಗ್ ಅನ್ನೋದು, ಅದನ್ನ ಮಾಡೋ ಟೂಲಿಗೆ ಪ್ರೊಫೈಲರ್.

ಪ್ರೊಫೈಲರ್ ಹಾಕೋದಕ್ಕೂ ಮುಂಚೆ ನಾನು ಯಾವಾಗ್ಲೂ ಕೇಳೋ ಪ್ರಶ್ನೆ ಒಂದೇ: ಈ ಪ್ರೋಗ್ರಾಂ ಕೆಲಸ ಮಾಡ್ತಾ ಇದೆಯಾ, ಇಲ್ಲಾ ಯಾರಿಗೋ ಕಾಯ್ತಾ ಕೂತಿದೆಯಾ? ಇದಕ್ಕೆ ದೊಡ್ಡ ಟೂಲ್ ಏನೂ ಬೇಡ, ಲಿನಕ್ಸಲ್ಲಿ ಕಮಾಂಡಿನ ಮುಂದೆ ಟೈಮ್ ಅಂತ ಹಾಕಿದ್ರೆ ರಿಯಲ್, ಯೂಸರ್, ಸಿಸ್ ಅಂತ ಮೂರು ನಂಬರ್ ಬರತ್ತೆ. ರಿಯಲ್ ಅಂದ್ರೆ ಗೋಡೆ ಗಡಿಯಾರದಲ್ಲಿ ಕಳೆದ ಸಮಯ, ಯೂಸರ್ ಅಂದ್ರೆ ನಮ್ಮ ಕೋಡಿಗೆ ಖರ್ಚಾದ ಸಿಪಿಯು ಸಮಯ, ಸಿಸ್ ಅಂದ್ರೆ ನಮ್ಮ ಪರವಾಗಿ ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಮಾಡಿದ ಕೆಲಸದ ಸಮಯ. ರಿಯಲ್ 60 ಸೆಕೆಂಡ್ ಇದ್ದು ಮಿಕ್ಕ ಎರಡೂ ಸೇರಿ 3 ಸೆಕೆಂಡ್ ಇದ್ರೆ, ಉಳಿದ 57 ಸೆಕೆಂಡ್ ಪ್ರೋಗ್ರಾಂ ಸುಮ್ನೆ ಕಾಯ್ತಿತ್ತು ಅಂತ ಅರ್ಥ, ನೆಟ್‌ವರ್ಕಿಗೋ ಡಿಸ್ಕಿಗೋ ಇನ್ನೊಂದು ಕೆಲಸ ಹಿಡ್ಕೊಂಡಿರೋ ಲಾಕಿಗೋ. ಅಂಥ ಕಡೆ ಲೂಪ್‌ಗಳನ್ನ ಎಷ್ಟು ತಿದ್ದಿದ್ರೂ ಪ್ರಯೋಜನ ಇಲ್ಲ. (ನಾಲ್ಕು ಕೋರ್ ಪೂರ್ತಿ ಬಳಸಿ 10 ಸೆಕೆಂಡ್ ಓಡೋ ಪ್ರೋಗ್ರಾಂನಲ್ಲಿ ನಾಲ್ಕೂ ಕೋರಿನ ಸಮಯ ಕೂಡಿಸಿ ಯೂಸರ್ 40 ಅಂತಲೂ ತೋರಿಸಬಹುದು, ಗಾಬರಿ ಬೇಡ.)

ಕಾಯೋ ಕೇಸಲ್ಲಿ ನಾನು ಜಾಸ್ತಿ ನೋಡಿರೋದು ಲೂಪ್ ಒಳಗಿನ ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ. 2,000 ಜನ ಉದ್ಯೋಗಿಗಳ ಪಟ್ಟಿ ತಂದು, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕ್ವೆರಿ ಕಳ್ಸೋದು. ಒಂದಕ್ಕೆ 5 ಮಿಲಿಸೆಕೆಂಡ್ ಅಂದ್ರೂ ಅಲ್ಲಿಗೇ 10 ಸೆಕೆಂಡ್ ಆಯ್ತು, ಮಜಾ ಏನಂದ್ರೆ ಡೇಟಾಬೇಸಿನ ಸ್ಲೋ ಕ್ವೆರಿ ಲಾಗಲ್ಲಿ ಇದರ ಸುಳಿವೇ ಇರಲ್ಲ, 5 ಮಿಲಿಸೆಕೆಂಡಿನ ಕ್ವೆರಿ ಯಾರ ಲೆಕ್ಕದಲ್ಲೂ ಸ್ಲೋ ಅಲ್ವಲ್ಲ. ಇಲ್ಲಿ ಸಮಯಕ್ಕಿಂತ ಎಷ್ಟು ಸಲ ಕರೀತು ಅನ್ನೋ ಕೌಂಟ್ ನೋಡ್ಬೇಕು.

ಈಗ ನಿಜವಾಗಿ ಸಿಪಿಯು ತಿನ್ನೋ ಕೇಸಿಗೆ ಬರ್ತೀನಿ, ಮನೇಲೇ ಮಾಡಿ ನೋಡಬಹುದಾದ ಒಂದು ಉದಾಹರಣೆ. ದೊಡ್ಡ ಕನ್ನಡ ಟೆಕ್ಸ್ಟ್ ಫೈಲ್ ಒಂದಿದೆ, ಅದರಲ್ಲಿರೋ ಪದಗಳನ್ನ ಒಂದೊಂದೇ ಸಲ ಬರೋ ಹಾಗೆ ಪಟ್ಟಿ ಮಾಡ್ಬೇಕು. ಪೈಥಾನಲ್ಲಿ ಹತ್ತು ಸಾಲಿನ ಕೆಲಸ: ಸಾಲು ಓದು, ಪದ ಬಿಡಿಸು, ರೆಜೆಕ್ಸ್ (ಅಕ್ಷರಗಳ ನಮೂನೆ ಹುಡುಕೋ ಸೂತ್ರ) ಹಾಕಿ ಕಾಮಾ ಫುಲ್‌ಸ್ಟಾಪ್ ತೆಗಿ, ಯೂನಿಕೋಡ್ ನಾರ್ಮಲೈಸ್ ಮಾಡು, ಪದ ಪಟ್ಟಿಯಲ್ಲಿ ಇಲ್ದಿದ್ರೆ ಸೇರಿಸು. ನಾರ್ಮಲೈಸ್, ಅಂದ್ರೆ ಎಲ್ಲವನ್ನೂ ಒಂದೇ ರೂಪಕ್ಕೆ ತರೋದು, ಮಾಡ್ಲೇಬೇಕು, ಯಾಕಂದ್ರೆ "ಕೊ" ಬರೆಯೋವಾಗ ಆ ಒ-ಸ್ವರ ಚಿಹ್ನೆ ಒಂದೇ ಕೋಡ್ ಆಗಿಯೂ ಇರಬಹುದು, ಎ ಮತ್ತು ಊ ಚಿಹ್ನೆಗಳ ಎರಡು ಕೋಡ್ ಸೇರಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ ಥರ ಕಂಡ್ರೂ ಮಷೀನಿಗೆ ಬೇರೆ ಬೇರೆ ಪದ.

ಇದು ಸ್ಲೋ ಅಂದಾಗ ಎಲ್ಲರ ಬೆರಳೂ ಹೋಗೋದು ರೆಜೆಕ್ಸ್ ಮೇಲೆ, ಇಲ್ಲಾ ನಾರ್ಮಲೈಸೇಷನ್ ಮೇಲೆ, ಕನ್ನಡ ಅಂದ್ಮೇಲೆ ಒತ್ತಕ್ಷರ ಎಲ್ಲ ಇದೆ, ಅದೇ ಭಾರ ಇರ್ಬೇಕು ಅಂತ. ಪೈಥಾನ್ ಜೊತೇಲೇ ಬರೋ ಪ್ರೊಫೈಲರ್ ಸಿಪ್ರೊಫೈಲ್ ಹಾಕಿ ಟಾಟ್‌ಟೈಮ್ ಪ್ರಕಾರ ಸಾರ್ಟ್ ಮಾಡಿ ನೋಡಿ. ಟಾಟ್‌ಟೈಮ್ ಅಂದ್ರೆ ಆ ಫಂಕ್ಷನ್ ತಾನೇ ಸ್ವಂತವಾಗಿ ತಗೊಂಡ ಸಮಯ, ಕಮ್‌ಟೈಮ್ ಅಂದ್ರೆ ಅದು ಕರೆದ ಫಂಕ್ಷನ್‌ಗಳ ಸಮಯವೂ ಸೇರಿ. ಹೊಸಬರು ಕಮ್‌ಟೈಮ್ ನೋಡಿ ಮೇನ್ ಫಂಕ್ಷನ್ನೇ 100 ಪರ್ಸೆಂಟ್ ತಗೊಳ್ತಿದೆ ಅಂತ ಬರ್ತಾರೆ, ಅದು ಯಾವಾಗ್ಲೂ ಹಾಗೇ ಇರತ್ತೆ, ಎಲ್ಲರನ್ನೂ ಕರೆಯೋದು ಅದೇ ತಾನೆ.

ಪದಗಳು ಲಕ್ಷದ ಲೆಕ್ಕದಲ್ಲಿದ್ರೆ ರೆಜೆಕ್ಸೂ ನಾರ್ಮಲೈಸೂ ಸಿಪ್ರೊಫೈಲ್ ಕೊಡೋ ಪಟ್ಟಿಯಲ್ಲಿ ಎಲ್ಲೋ ಕೆಳಗಿರತ್ತೆ, ಮೇಲೆ ಕೂತಿರೋದು ನಾವೇ ಬರೆದ ಫಂಕ್ಷನ್, ಅದರ ಸ್ವಂತ ಸಮಯವೇ ಹೆಚ್ಚುಕಮ್ಮಿ ಎಲ್ಲವೂ. ಇಲ್ಲೊಂದು ಸೂಕ್ಷ್ಮ ಇದೆ, ಸಿಪ್ರೊಫೈಲ್ ಲೆಕ್ಕ ಇಡೋದು ಫಂಕ್ಷನ್ ಕರೆಗಳನ್ನ ಮಾತ್ರ. ಲಿಸ್ಟಿಗೆ ಪದ ಸೇರಿಸೋ ಅಪೆಂಡ್ ಫಂಕ್ಷನ್ನು, ಕಾಣತ್ತೆ. ಆದ್ರೆ "ಈ ಪದ ಲಿಸ್ಟಲ್ಲಿ ಇದೆಯಾ" ಅಂತ ಕೇಳೋ ಇನ್ ಇದೆಯಲ್ಲ, ಅದು ಆಪರೇಟರ್, ಅದಕ್ಕೆ ಬೇರೆ ಸಾಲು ಸಿಗಲ್ಲ, ಅದರ ಖರ್ಚೆಲ್ಲ ಸುತ್ತಲಿನ ಫಂಕ್ಷನ್ ತಲೆ ಮೇಲೆ ಬೀಳತ್ತೆ. ಯಾವ ಸಾಲು ಅಂತ ಬೇಕಿದ್ರೆ ಲೈನ್ ಪ್ರೊಫೈಲರ್ ಅಥವಾ ಪೈ-ಸ್ಪೈ ಅನ್ನೋ ಟೂಲ್ ಬೇಕು, ಆಗ ಪದ ಇದೆಯಾ ಅಂತ ನೋಡೋ ಆ ಇಫ್ ಸಾಲೇ ಬಂದು ಎದುರಿಗೆ ನಿಲ್ಲತ್ತೆ. ಲಿಸ್ಟಲ್ಲಿ ಹುಡುಕೋದು ಅಂದ್ರೆ ಮೊದಲಿಂದ ಒಂದೊಂದೇ ಹೋಲಿಸ್ತಾ ಹೋಗೋದು, ಹೊಸ ಪದ ಆದ್ರೆ ಕೊನೆವರೆಗೂ ಹೋಗ್ಲೇಬೇಕು, ಬೇರೆ ಬೇರೆ ಪದಗಳು ಒಂದು ಲಕ್ಷ ಇದ್ರೆ ಹೊಸ ಪದಗಳಿಗೇ ಸುಮಾರು 500 ಕೋಟಿ ಹೋಲಿಕೆ. ಲಿಸ್ಟ್ ಬದಲು ಸೆಟ್ ಹಾಕಿದ್ರೆ ಹ್ಯಾಶ್ (ಪದದಿಂದ ಲೆಕ್ಕ ಹಾಕಿದ ನಂಬರ್) ನೋಡಿ ನೇರ ಜಾಗಕ್ಕೆ ಹೋಗತ್ತೆ, ಕಥೆ ಮುಗೀತು. ಇಂಥದ್ದನ್ನ ಟೂಲ್ ಇಲ್ದೇನೂ ಅನುಮಾನಿಸಬಹುದು, ಇನ್‌ಪುಟ್ ಎರಡರಷ್ಟು ಮಾಡಿ ನೋಡಿ, ಸಮಯ ನಾಲ್ಕರಷ್ಟು ಆಯ್ತು ಅಂದ್ರೆ ಎಲ್ಲೋ ಈ ಥರದ ಲೂಪ್ ಒಳಗಿನ ಲೂಪ್ ಇದೆ.

ಸಿಪ್ರೊಫೈಲ್ ಪ್ರತಿ ಕರೆಗೂ ಗಡಿಯಾರ ನೋಡೋ ಜಾತಿ, ಅದರಿಂದ ಪ್ರೋಗ್ರಾಮೇ ನಿಧಾನ ಆಗತ್ತೆ, ಸಣ್ಣ ಸಣ್ಣ ಫಂಕ್ಷನ್ ಲಕ್ಷಗಟ್ಟಲೆ ಸಲ ಓಡೋ ಕಡೆ ಅವು ಇರೋದಕ್ಕಿಂತ ದಪ್ಪ ಕಾಣತ್ವೆ. ಇನ್ನೊಂದು ಜಾತಿ ಸ್ಯಾಂಪಲಿಂಗ್, ಈಗ ಯಾವ ಫಂಕ್ಷನ್ ಓಡ್ತಿದೆ ಅಂತ ಆಗಾಗ ಮಾತ್ರ ನೋಡೋದು. ಹೋಟ್ಲು ಅಡುಗೆಮನೆಗೆ ಆಗಾಗ ಇಣುಕಿದ ಹಾಗೆ, ನೂರು ಸಲ ಇಣುಕಿದಾಗ ಎಪ್ಪತ್ತು ಸಲ ಭಟ್ರು ಗ್ರೈಂಡರ್ ಮುಂದೇನೇ ನಿಂತಿದ್ರೆ ಹೊತ್ತು ಎಲ್ಲಿ ಹೋಗ್ತಿದೆ ಅಂತ ಕೇಳೋ ಅವಶ್ಯಕತೆ ಇಲ್ಲ. ಲಿನಕ್ಸಿನ ಪರ್ಫ್ ಅನ್ನೋ ಟೂಲ್ ಇದನ್ನೇ ಮಾಡತ್ತೆ, 2009ರಲ್ಲಿ 2.6.31 ಕರ್ನಲ್ ಜೊತೆ ಬಂತು. ಸೆಕೆಂಡಿಗೆ 99 ಸಲ ಅಂತ ಕೊಡೋದು ರೂಢಿ, 100 ಕೊಟ್ರೆ ಪ್ರೋಗ್ರಾಂ ಒಳಗಿನ ಟೈಮರ್ ಕೆಲಸಗಳ ತಾಳಕ್ಕೆ ತಾಳ ಸೇರ್ಕೊಂಡು ಪ್ರತಿ ಸಲ ಅದೇ ಜಾಗ ಸಿಗೋ ಅಪಾಯ ಇದೆ, 99 ಆದ್ರೆ ಸ್ವಲ್ಪ ಸ್ವಲ್ಪ ಸರೀತಾ ಹೋಗತ್ತೆ. ಹತ್ತು ಸೆಕೆಂಡ್ ಓಡಿಸಿದ್ರೆ ಒಂದು ಕೋರಿಗೆ ಸಾವಿರದ ಹತ್ತಿರ ಸ್ಯಾಂಪಲ್, ಅದರಲ್ಲಿ 1 ಪರ್ಸೆಂಟಿನ ಫಂಕ್ಷನ್ ಬರೀ ಹತ್ತು ಸಲ ಸಿಗತ್ತೆ, ಹಾಗಾಗಿ ಅಂಥ ಸಣ್ಣ ನಂಬರುಗಳ ಮೇಲೆ ವಾದ ಮಾಡ್ಬೇಡಿ, ದೊಡ್ಡದನ್ನ ಮಾತ್ರ ನಂಬಿ.

ಬರೀ ಫಂಕ್ಷನ್ ಹೆಸರು ಸಾಲದು, ಅದನ್ನ ಯಾರು ಕರೆದ್ರು ಅಂತಲೂ ಬೇಕು. ಸ್ಟ್ರಿಂಗ್ ಕಾಪಿ 30 ಪರ್ಸೆಂಟ್ ಅಂತ ಬಂದ್ರೆ ಏನ್ ಮಾಡ್ತೀರಾ, ಕರೆಯೋ ಜಾಗ ಇನ್ನೂರು ಇರತ್ತೆ. ಬರ್ಕ್ಲಿಯ ಸೂಸನ್ ಗ್ರಹಾಂ, ಪೀಟರ್ ಕೆಸ್ಲರ್, ಮಾರ್ಷಲ್ ಮೆಕ್ಯೂಸಿಕ್ 1982ರಲ್ಲಿ ಜಿಪ್ರೊಫ್ ಅನ್ನೋ ಪ್ರೊಫೈಲರ್ ಬಗ್ಗೆ ಬರೆದಾಗ ಬಿಡಿಸೋಕೆ ಹೊರಟಿದ್ದು ಇದೇ ತೊಡಕನ್ನ. 2011ರಲ್ಲಿ ಬ್ರೆಂಡನ್ ಗ್ರೆಗ್ ಮಾಡಿದ ಫ್ಲೇಮ್ ಗ್ರಾಫ್ ಅಂತೂ ಇಡೀ ಸ್ಟ್ಯಾಕನ್ನೇ, ಅಂದ್ರೆ ಯಾರು ಯಾರನ್ನ ಕರೆದ್ರು ಅನ್ನೋ ಸರಪಳಿಯನ್ನೇ, ಚಿತ್ರ ಮಾಡಿ ಕೊಡತ್ತೆ, ಕೆಳಗಿನವರು ಕರೆದವರು, ಮೇಲಿನವರು ಕರೆಸಿಕೊಂಡವರು, ಅಗಲ ಇದ್ದಷ್ಟು ಸಮಯ ಜಾಸ್ತಿ. ಎತ್ತರಕ್ಕೆ ಬೆಲೆ ಇಲ್ಲ, ಎಡದಿಂದ ಬಲಕ್ಕೆ ಇರೋದು ಸಮಯದ ಕ್ರಮವೂ ಅಲ್ಲ, ಎಷ್ಟೋ ಜನ ಹಾಗೆ ಓದ್ಬಿಡ್ತಾರೆ. ಮೇಲ್ತುದಿಯಲ್ಲಿ ಅಗಲವಾಗಿ ಚಪ್ಪಟೆ ಇರೋ ಜಾಗ ಹುಡುಕಿ, ಅಲ್ಲೇ ಸಿಪಿಯು ಕೂತಿರತ್ತೆ. ಸ್ಟ್ಯಾಕ್ ಅರ್ಧಕ್ಕೇ ಕಟ್ ಆಗಿ ಬಂದ್ರೆ ಕಂಪೈಲರ್ ಫ್ರೇಮ್ ಪಾಯಿಂಟರ್ (ಕರೆದ ಫಂಕ್ಷನ್ ಯಾವುದು ಅಂತ ಹಿಂದಕ್ಕೆ ಹುಡುಕೋಕೆ ಬೇಕಾದ ಗುರುತು) ತೆಗೆದುಹಾಕಿರೋ ಸಾಧ್ಯತೆ ಜಾಸ್ತಿ. ಲಿನಕ್ಸಿನ ಎರಡು ಆವೃತ್ತಿಗಳು, ಫೆಡೋರಾ 38, ಉಬುಂಟು 24.04 ಇಂದ ಅವರ ಪ್ಯಾಕೇಜುಗಳನ್ನ ಫ್ರೇಮ್ ಪಾಯಿಂಟರ್ ಉಳಿಸಿಯೇ ಬಿಲ್ಡ್ ಮಾಡ್ತಿದ್ದಾರೆ, ಒಳ್ಳೇ ನಿರ್ಧಾರ ಅಂತ ನನ್ನ ಅಭಿಪ್ರಾಯ.

ಅಳೆಯೋದರ ಬೆಲೆ ಗೊತ್ತಾಗ್ಬೇಕು ಅಂದ್ರೆ ಜಿಟಿಎ ಆನ್‌ಲೈನ್ ಕಥೆ ನೋಡಿ. ಗೇಮ್ ಲೋಡ್ ಆಗೋಕೆ ನಿಮಿಷಗಟ್ಟಲೆ ಬೇಕಿತ್ತು, ವರ್ಷಗಟ್ಟಲೆ ಎಲ್ಲರೂ ಸಹಿಸಿಕೊಂಡಿದ್ರು, ಇಂಟರ್ನೆಟ್ ಸ್ಲೋ ಇರಬಹುದು, ಡಿಸ್ಕ್ ಸ್ಲೋ ಇರಬಹುದು ಅಂತ. 2021ರಲ್ಲಿ ಒಬ್ಬ ಆಟಗಾರ, ಸೋರ್ಸ್ ಕೋಡ್ ಕೈಯಲ್ಲಿ ಇಲ್ಲದವನು, ಮೊದ್ಲು ನೋಡಿದ್ದು ಕಾಯ್ತಾ ಇದೆಯಾ ಓಡ್ತಾ ಇದೆಯಾ ಅಂತಲೇ. ಡಿಸ್ಕ್, ನೆಟ್‌ವರ್ಕ್ ಎರಡೂ ಖಾಲಿ, ಒಂದು ಕೋರ್ ಮಾತ್ರ ಪೂರ್ತಿ ಬಿಸಿ. ಸ್ಯಾಂಪಲಿಂಗ್ ಹಾಕಿದಾಗ ಎರಡು ಜಾಗ ಸಿಕ್ತು. ಮೊದಲನೇದು, 10 ಎಂಬಿ ಜೇಸನ್ (ಡೇಟಾವನ್ನ ಟೆಕ್ಸ್ಟ್ ಆಗಿ ಬರೆಯೋ ಒಂದು ರೀತಿ) ಓದುವಾಗ ಒಂದೊಂದು ತುಣುಕಿಗೂ ಟೆಕ್ಸ್ಟಿಂದ ಬೆಲೆ ಓದೋ ಎಸ್‌ಸ್ಕ್ಯಾನೆಫ್ ಫಂಕ್ಷನ್ ಕರೆಯೋದು, ಅದು ಒಳಗೊಳಗೇ ಪ್ರತಿ ಸಲ ಉಳಿದ ಇಡೀ ಟೆಕ್ಸ್ಟಿನ ಉದ್ದ ಅಳೆಯೋದು. ಎರಡನೇದು ನಮ್ಮ ಪದಪಟ್ಟಿಯ ಕಥೆಯೇ, ಸುಮಾರು 63,000 ಐಟಂಗಳನ್ನ ಸೇರಿಸುವಾಗ ಮೊದಲೇ ಇದೆಯಾ ಅಂತ ಒಂದೊಂದೇ ನೋಡ್ತಾ ಹೋಗೋದು, ಹೆಚ್ಚಂದ್ರೆ 198 ಕೋಟಿ ಹೋಲಿಕೆ, ಅದೂ ಐಟಂಗಳೆಲ್ಲ ಬೇರೆ ಬೇರೆಯೇ ಆಗಿದ್ದಾಗ. ಎರಡನ್ನೂ ಸರಿಮಾಡಿದ್ಮೇಲೆ ಅವನ ಮಷೀನಲ್ಲಿ 6 ನಿಮಿಷದ್ದು 1 ನಿಮಿಷ 50 ಸೆಕೆಂಡಿಗೆ ಬಂತು. ರಾಕ್‌ಸ್ಟಾರ್ ಕಂಪನಿ ಅದನ್ನ ಒಪ್ಕೊಂಡು ಅಪ್ಡೇಟ್ ಬಿಡ್ತು, ಅವನಿಗೆ 10,000 ಡಾಲರ್ ಕೊಡ್ತು.

ಸಿಕ್ಕಿದ್ದನ್ನೆಲ್ಲ ಸರಿ ಮಾಡೋಕೂ ಹೋಗ್ಬಾರ್ದು. ಒಟ್ಟು ಸಮಯದಲ್ಲಿ 5 ಪರ್ಸೆಂಟ್ ತಗೊಳ್ಳೋ ಫಂಕ್ಷನನ್ನ ನೀವು ಸೊನ್ನೆಗೇ ಇಳಿಸಿದ್ರೂ ಬಳಸೋರಿಗೆ ಸಿಗೋದು ಆ 5 ಪರ್ಸೆಂಟೇ, ಜೀನ್ ಆಮ್ಡಾಲ್ 1967ರಲ್ಲಿ ಪ್ಯಾರಲಲ್ ಮಷೀನುಗಳ ಬಗ್ಗೆ ಇದೇ ಲೆಕ್ಕ ಹೇಳಿದ್ದು. 60 ಪರ್ಸೆಂಟಿನದನ್ನ ಅರ್ಧ ಮಾಡಿದ್ರೆ ಒಟ್ಟು ಸಮಯದಲ್ಲಿ 30 ಪರ್ಸೆಂಟ್ ಉಳಿತಾಯ ಆಗತ್ತೆ. ಹಾಗೇ ಒಂದನ್ನ ತಿದ್ದಿದ್ಮೇಲೆ ಹಳೇ ರಿಪೋರ್ಟ್ ಎಸೆದು ಹೊಸದಾಗಿ ಅಳೀರಿ, ದೊಡ್ಡದು ಹೋದ್ಮೇಲೆ ಉಳಿದವರ ಪಾಲೆಲ್ಲ ಬದಲಾಗಿರತ್ತೆ.

ಅಳೆಯೋದು ನಿಜವಾದ ಡೇಟಾ ಮೇಲೆ, ರಿಲೀಸ್ ಬಿಲ್ಡ್ ಮೇಲೆ ಇರಲಿ. ಲ್ಯಾಪ್‌ಟಾಪಲ್ಲಿ ಐವತ್ತು ಪದದ ಟೆಸ್ಟ್ ಫೈಲ್ ಇಟ್ಕೊಂಡು ಪ್ರೊಫೈಲ್ ಮಾಡಿದ್ರೆ ಮೇಲೆ ಕಾಣೋದು ಮಾಡ್ಯೂಲ್ ಇಂಪೋರ್ಟು, ರೆಜೆಕ್ಸ್ ಕಂಪೈಲು, ಆ ಇಫ್ ಸಾಲು ಪತ್ತೆಯೇ ಇರಲ್ಲ. ಪ್ರೊಡಕ್ಷನ್ ಸರ್ವರಲ್ಲಿ ಓಡ್ತಿರೋ ಪೈಥಾನ್ ಪ್ರೋಸೆಸಿಗೆ ಪೈ-ಸ್ಪೈ ಹಾಗೇ ಅಂಟಿಸಬಹುದು, ರೀಸ್ಟಾರ್ಟ್ ಬೇಡ, ಕೋಡಲ್ಲಿ ಒಂದಕ್ಷರ ಬದಲಾಯಿಸೋದೂ ಬೇಡ, ಪರ್ಮಿಷನ್ ಇದ್ರೆ ಸಾಕು. ಮುಂದಿನ ಸಲ ಸ್ಲೋ ಅಂತ ಟಿಕೆಟ್ ಬಂದಾಗ ಮೀಟಿಂಗ್ ಕರೆಯೋ ಮೊದ್ಲು ಪೈ-ಸ್ಪೈಯನ್ನ ಅರ್ಧ ನಿಮಿಷ ಓಡಿಸಿ, ಬಂದ ಫ್ಲೇಮ್ ಗ್ರಾಫನ್ನ ಟಿಕೆಟಿಗೇ ಲಗತ್ತಿಸಿ.