ಗೋಡೆ ಮೇಲಿನ ಕೋವಿ, ಮೊಬೈಲ್ ಒಳಗಿನ ಕೋವಿ

ಜುಲೈ ತಿಂಗಳ ಮಳೆ. ಜಿಲ್ಲಾಧಿಕಾರಿ ಶಾಲೆ-ಕಾಲೇಜಿಗೆ ರಜೆ ಕೊಟ್ಟಿದ್ದರು, ಕರೆಂಟ್ ಹೋಗಿ ಎರಡು ದಿನ ಆಗಿತ್ತು. ನಾವಿರುವುದು ಕೊಡಗಿನ ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ನಡುವೆ. ಇಲ್ಲಿ ಟವರ್ ಸಿಗುವುದು ಬಸ್ ಸ್ಟಾಪಿನ ತಿರುವಿನಲ್ಲಿ ಮಾತ್ರ. ಹಾಗಾಗಿ ರಜೆ ಅಂದ ಕೂಡಲೇ ಊರ ಹುಡುಗರೆಲ್ಲ ಆ ಬಸ್ ಸ್ಟಾಪಿನೊಳಗೆ ಒತ್ತಿಕೊಂಡು ಕೂರುತ್ತಾರೆ. ಪೇಟೆಯಿಂದ ಚಾರ್ಜ್ ಮಾಡಿ ತಂದ ಪವರ್ ಬ್ಯಾಂಕ್ ಒಂದು, ಮೊಬೈಲ್ ಐದು, ಐದರಲ್ಲೂ ಗುಂಡು ಹೊಡೆಯುವ ಗೇಮ್. "ಹಿಂದೆ ಇದಾನೆ, ಹೊಡಿ ಹೊಡಿ!" "ಸತ್ತ!" ಹಾಲು ತರಲು ಹೋದವನು ಒಂದು ಕ್ಷಣ ಬೆಚ್ಚಿಬಿದ್ದೆ, ಸುಳ್ಳು ಯಾಕೆ ಹೇಳಲಿ.

ಅವತ್ತು ಸಂಜೆ ಪಕ್ಕದ ಮನೆ ಅಜ್ಜ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಕೇಳಿದರು: "ಇಡೀ ದಿನ ಗುಂಡು ಹೊಡೆಯೋದೇ ಕೆಲಸ ಆಗಿದೆ ನಮ್ಮ ಹುಡುಗನಿಗೆ. ನಾಳೆ ನಿಜವಾಗಿ ಯಾರಿಗಾದ್ರೂ ಹೊಡೆದ್ರೆ ಏನು ಗತಿ?"

ಅಜ್ಜನ ಚಿಂತೆ ನಿಜವಾದದ್ದೇ. ಆದರೂ ನಗು ತಡೆಯಲಾಗಲಿಲ್ಲ. ಯಾಕೆಂದರೆ ಅವರ ಮನೆಯಲ್ಲಿ ಎರಡು ಕೋವಿ ಇವೆ, ನಿಜವಾದವು. ಅವರು ಹನ್ನೆರಡನೇ ವಯಸ್ಸಿಗೇ ತೆಂಗಿನಕಾಯಿಗೆ ಗುರಿ ಇಟ್ಟವರು.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಬೇರೆ ಕಡೆ ಬಂದೂಕು ಇಟ್ಟುಕೊಳ್ಳಬೇಕಾದರೆ ಲೈಸೆನ್ಸ್‌ಗಾಗಿ ಅಲೆಯಬೇಕು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟೂ ಎತ್ತಿಹಿಡಿಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡು. ಸೆಪ್ಟೆಂಬರ್ ಹೊತ್ತಿಗೆ ಕೈಲ್ ಪೊಳ್ದ್ ಬಂದರೆ ಕೋವಿಗೆ ತೋಕ್‌ಪೂ ಅನ್ನುವ ಹೂ ಮುಡಿಸಿ ಪೂಜೆ. ಆಮೇಲೆ ಕಡಂಬುಟ್ಟು, ಪಂದಿಕರಿ, ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ.

ಕೋವಿ ನೋಡಿ ನೋಡಿಯೇ ಮಕ್ಕಳು ಕೊಲೆಗಾರರಾಗುವುದಿದ್ದರೆ ನಾವ್ಯಾರೂ ಇಲ್ಲಿ ಬದುಕಿರುತ್ತಿರಲಿಲ್ಲ. ಇದು ಪುರಾವೆ ಅಲ್ಲ ಬಿಡಿ, ಜಗಲಿ ಮಾತು. ಗೇಮ್ ಆಡಿದರೆ ಹಿಂಸೆ ಬರುತ್ತದಾ ಅಂತ ಪುರಾವೆ ಹುಡುಕಿದವರು ಬೇರೆ ಇದ್ದಾರೆ. ಸುಮಾರು ಐವತ್ತು ವರ್ಷದಿಂದ ಜಗಳ ಆಡುತ್ತಲೂ ಇದ್ದಾರೆ.

ಜಗಳ ಶುರುವಾದದ್ದು 1976ರಲ್ಲಿ, ಅಮೆರಿಕದಲ್ಲಿ, 'ಡೆತ್ ರೇಸ್' ಅನ್ನುವ ಆಟದಿಂದ. ಕಪ್ಪು-ಬಿಳುಪು ಪರದೆ, ಕಡ್ಡಿಯಂಥ ಗೊಂಬೆಗಳ ಮೇಲೆ ಕಾರು ಹತ್ತಿಸಬೇಕು, ಅಷ್ಟೆ. ಇವತ್ತಿನ ಮಕ್ಕಳಿಗೆ ತೋರಿಸಿದರೆ ಆಕಳಿಸುತ್ತಾರೆ. ಆಗ ಅದೇ ದೊಡ್ಡ ಗಲಾಟೆ. 1993ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಅನ್ನುವ ಹೊಡೆದಾಟದ ಗೇಮ್ ನೋಡಿ ಅಲ್ಲಿನ ಸೆನೆಟ್ ವಿಚಾರಣೆಯನ್ನೇ ನಡೆಸಿತು, ಮರುವರ್ಷ ಗೇಮ್‌ಗಳ ಮೇಲೆ ವಯಸ್ಸಿನ ಗುರುತು ಹಾಕುವ ಪದ್ಧತಿ ಬಂತು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ಹುಡುಗರು ಗುಂಡಿನ ಮಳೆ ಸುರಿಸಿದರು. ಅವರಿಬ್ಬರೂ 'ಡೂಮ್' ಅನ್ನುವ ಗುಂಡು ಹೊಡೆಯುವ ಗೇಮ್ ಆಡುತ್ತಿದ್ದರು. ಆಮೇಲೆ ಕೇಳಬೇಕಾ? ಆದರೆ ಆ ವಯಸ್ಸಿನ ಹುಡುಗರಲ್ಲಿ ಗೇಮ್ ಆಡದವರನ್ನು ಹುಡುಕುವುದೇ ಕಷ್ಟ. ಕಳ್ಳತನ ಮಾಡಿದವರೆಲ್ಲ ಅನ್ನ ತಿಂದವರೇ ಅಂತ ಅಕ್ಕಿಯ ಮೇಲೆ ಕೇಸು ಹಾಕಲು ಆಗುತ್ತದಾ?

2019ರ ಆಗಸ್ಟ್‌ನಲ್ಲಿ ಎಲ್ ಪಾಸೋ ಊರಿನ ವಾಲ್‌ಮಾರ್ಟ್ ಅಂಗಡಿಯಲ್ಲಿ ಗುಂಡಿನ ದಾಳಿ ಆದಾಗಲೂ ಅಧ್ಯಕ್ಷ ಟ್ರಂಪ್ ಬಾಯಲ್ಲಿ ವಿಡಿಯೋ ಗೇಮ್ ಹೆಸರು ಬಂತು. ಹಿಂಸೆ ತೋರಿಸುವ ಗೇಮ್‌ಗಳ ಪೋಸ್ಟರ್, ಪ್ರದರ್ಶನ ಎಲ್ಲ ತೆಗೆಯಿರಿ ಅಂತ ವಾಲ್‌ಮಾರ್ಟ್ ತನ್ನ ಅಂಗಡಿಗಳಿಗೆ ಹೇಳಿತು. ಅದೇ ಕಂಪನಿಯಲ್ಲಿ ಕೋವಿ ವ್ಯಾಪಾರ ಮಾತ್ರ ನಡೆದೇ ಇತ್ತು. ಇದನ್ನು ಕೇಳಿ ಅಜ್ಜ ಕಾಫಿ ಲೋಟ ಕೆಳಗಿಟ್ಟು ನಕ್ಕರು.

ಈಗ ವಿಜ್ಞಾನಕ್ಕೆ ಬರೋಣ, ನನಗೆ ಮಜಾ ಅನ್ನಿಸುವ ಭಾಗ ಇದು. ಗೇಮ್ ಆಡಿದರೆ ಹಿಂಸೆ ಬರುತ್ತದಾ ಅಂತ ಪರೀಕ್ಷೆ ಮಾಡುವುದು ಹೇಗೆ? ಹುಡುಗರಿಗೆ ಗೇಮ್ ಕೊಟ್ಟು, ಆಮೇಲೆ ಕೈಗೆ ಕತ್ತಿ ಕೊಟ್ಟು ನೋಡಲು ಆಗುವುದಿಲ್ಲ. ಅದಕ್ಕೆ ಅಡ್ಡದಾರಿ ಹುಡುಕಿದರು. ಒಂದು ದಾರಿ ಶಬ್ದ. 2000ದಲ್ಲಿ ಕ್ರೇಗ್ ಆಂಡರ್ಸನ್ ಮತ್ತು ಕ್ಯಾರನ್ ಡಿಲ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಹೆಸರುವಾಸಿ ಪ್ರಯೋಗದಲ್ಲಿ ಕೆಲವರಿಗೆ ಗುಂಡು ಹಾರಿಸುವ ಗೇಮ್, ಇನ್ನು ಕೆಲವರಿಗೆ 'ಮಿಸ್ಟ್' ಅನ್ನುವ ಶಾಂತ ಒಗಟಿನ ಗೇಮ್ ಕೊಟ್ಟರು. ಆಮೇಲೆ ಯಾರು ಬೇಗ ಬಟನ್ ಒತ್ತುತ್ತಾರೆ ಅನ್ನುವ ಸ್ಪರ್ಧೆ. ಗೆದ್ದವರು ಸೋತವರ ಕಿವಿಗೆ ಕರ್ಕಶ ಶಬ್ದ ಕಳಿಸಬಹುದು. ಯಾರು ಜಾಸ್ತಿ ಹೊತ್ತು ಕಳಿಸುತ್ತಾರೋ ಅವರಲ್ಲಿ ಸಿಟ್ಟು ಜಾಸ್ತಿ ಅಂತ ಲೆಕ್ಕ. ಬೇರೆ ಪ್ರಯೋಗಗಳಲ್ಲಿ ಖಾರದ ಸಾಸ್ ಬಂತು. ಖಾರ ಇಷ್ಟವಿಲ್ಲ ಅಂದವನ ಬಾಯಿಗೆ ಎಷ್ಟು ಸಾಸ್ ಸುರಿಯುತ್ತೀರಿ ಅನ್ನುವುದೇ ಅಳತೆ. ಗಾಂಧಾರಿ ಮೆಣಸು ತಿಂದು ಬೆಳೆದ ನಮ್ಮವರನ್ನು ಆ ಲ್ಯಾಬಿಗೆ ಕಳಿಸಿದ್ದರೆ ಇಡೀ ಜಿಲ್ಲೆಯೇ ಹಿಂಸಾವಾದಿ ಅಂತ ಬರೆದುಕೊಳ್ಳುತ್ತಿದ್ದರೇನೋ.

ತಮಾಷೆ ಬದಿಗಿಡಿ, ಶಬ್ದದ ಪರೀಕ್ಷೆಯಲ್ಲಿ ನಿಜವಾದ ತೊಂದರೆ ಇತ್ತು. ಶಬ್ದ ಎಷ್ಟು ಜೋರು ಅಂತ ನೋಡಬೇಕಾ, ಎಷ್ಟು ಹೊತ್ತು ಅಂತ ನೋಡಬೇಕಾ, ಮೊದಲ ಸುತ್ತು ಮಾತ್ರವಾ, ಎಲ್ಲ ಸುತ್ತಿನ ಸರಾಸರಿಯಾ? ಒಬ್ಬೊಬ್ಬರದು ಒಂದೊಂದು ಲೆಕ್ಕ. ಮಾಲ್ಟೆ ಎಲ್ಸನ್ ಅನ್ನುವ ಜರ್ಮನ್ ಸಂಶೋಧಕ ಕೂತು ಎಣಿಸಿದಾಗ ಇದೊಂದೇ ಪರೀಕ್ಷೆಯ ಅಂಕ ಹಾಕಲು ನೂರಕ್ಕೂ ಹೆಚ್ಚು ವಿಧಾನ ಸಿಕ್ಕವು. ಒಂದೇ ರಾಶಿ ಕಾಫಿಯನ್ನು ನೂರು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿ, ಬೇಕಾದ ತೂಕ ಬಂದಾಗ ನಿಲ್ಲಿಸಿದ ಹಾಗೆ.

ಇನ್ನೊಂದು ಪರೀಕ್ಷೆ ಪದ ತುಂಬುವುದು. ಇಂಗ್ಲಿಷಿನ ಒಂದು ಪದದಲ್ಲಿ ಒಂದಕ್ಷರ ಬಿಟ್ಟಿರುತ್ತಾರೆ. 'ಎಕ್ಸ್‌ಪ್ಲೋರ್' ಅಂತಲೂ ತುಂಬಬಹುದು, 'ಎಕ್ಸ್‌ಪ್ಲೋಡ್' ಅಂತಲೂ ತುಂಬಬಹುದು. ಹಿಂಸೆಯ ಗೇಮ್ ಆಡಿದವರು ಎರಡನೆಯದನ್ನು, ಅಂದರೆ ಸಿಡಿಯುವುದನ್ನು, ಸ್ವಲ್ಪ ಜಾಸ್ತಿ ಬರೆಯುತ್ತಾರಂತೆ. ನಮ್ಮಲ್ಲಾದರೆ 'ಕೊ' ಅಂತ ಬರೆದು ಪಕ್ಕದಲ್ಲಿ ಜಾಗ ಬಿಟ್ಟ ಹಾಗೆ: ಕೊಲೆ ಅಂತ ತುಂಬುತ್ತೀರೋ, ಕೊಡೆ ಅಂತಲೋ? ಈ ಮಳೆಯಲ್ಲಿ ಯಾರನ್ನು ಕೇಳಿದರೂ ಕೊಡೆ ಅಂತಲೇ ಬರೆಯುತ್ತಾರೆ. ಆ ಕ್ಷಣ ತಲೆಯಲ್ಲಿ ಓಡುತ್ತಿರುವುದು ಕೈಗೆ ಬರುತ್ತದೆ, ಅಷ್ಟೇ. ಈ ಪರೀಕ್ಷೆ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ಮಕ್ಕಳಿಗೆ ಇಂಥ ಗೇಮ್ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು 2011ರಲ್ಲಿ ಕೋರ್ಟ್ 7-2ರಲ್ಲಿ ಹೊಡೆದುಹಾಕಿತು. ಬಗ್ಸ್ ಬನ್ನಿ ಕಾರ್ಟೂನ್ ನೋಡಿದರೂ ಇಷ್ಟೇ ಪರಿಣಾಮ ಆಗುತ್ತದಂತಲ್ಲ, ಅಂತ ನ್ಯಾಯಮೂರ್ತಿ ಸ್ಕಾಲಿಯಾ ತೀರ್ಪಿನಲ್ಲೇ ಕುಟುಕಿದರು.

ಹಾಗಾದರೆ ಏನೂ ಇಲ್ಲವಾ? ಅಷ್ಟು ಸುಲಭವಾಗಿ ಕೈ ತೊಳೆದುಕೊಳ್ಳುವಂತಿಲ್ಲ. 2018ರಲ್ಲಿ 24 ಅಧ್ಯಯನಗಳನ್ನು, ಅಂದರೆ 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು, ಒಟ್ಟು ಹಾಕಿ ನೋಡಿದವರಿಗೆ ಒಂದು ನಂಟು ಕಂಡಿತು. ಹಿಂಸೆಯ ಗೇಮ್ ಜಾಸ್ತಿ ಆಡುವ ಮಕ್ಕಳು ಮುಂದೆ ಹೊಡೆದಾಟ ಮಾಡುವುದೂ ಒಂದು ಚೂರು ಜಾಸ್ತಿ. ಆದರೆ ಎಷ್ಟು ಚೂರು? ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಗೇಮ್‌ನಿಂದ ವಿವರಿಸಬಹುದಾದದ್ದು ನೂರರಲ್ಲಿ ಒಂದು ಪಾಲೂ ಇಲ್ಲ. ಮರುವರ್ಷ ಆಕ್ಸ್‌ಫರ್ಡ್‌ನ ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತು ಕಾರ್ಡಿಫ್‌ನ ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 14-15 ವಯಸ್ಸಿನ 1,004 ಮಕ್ಕಳನ್ನು ನೋಡಿದರು. ಲೆಕ್ಕ ಹೇಗೆ ಹಾಕುತ್ತೇವೆ ಅಂತ ಮೊದಲೇ ಬರೆದಿಟ್ಟು ಬಹಿರಂಗ ಮಾಡಿದ್ದರು, ಆಮೇಲೆ ತಕ್ಕಡಿ ಬದಲಿಸುವ ಹಾಗಿಲ್ಲ. ಮಗು ಜಗಳಗಂಟನಾ ಅನ್ನುವುದನ್ನು ಮಗುವನ್ನು ಕೇಳದೆ ಮನೆಯವರನ್ನು ಕೇಳಿದರು. ಯಾವ ನಂಟೂ ಸಿಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಕಿರುಚುವುದು, ತಳ್ಳುವುದು, ಇಂಥದ್ದಕ್ಕೆ ಸಣ್ಣ ಸಂಬಂಧ ಇದೆ. ಕೊಲೆ, ದಾಳಿಯಂಥ ಹಿಂಸೆಗೆ ಗೇಮ್ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಈ ಎರಡನ್ನೂ ನಾವು ಒಂದೇ ಪದದಲ್ಲಿ 'ಹಿಂಸೆ' ಅಂದುಬಿಡುತ್ತೇವೆ. ತಮ್ಮನ ತಲೆಗೆ ಮೊಟಕಿದ ಹುಡುಗನಿಗೂ ಕತ್ತಿ ಹಿಡಿದವನಿಗೂ ನಡುವೆ ಎಷ್ಟು ದೂರ ಇದೆ! ಜಪಾನ್, ದಕ್ಷಿಣ ಕೊರಿಯಾದಲ್ಲಿ ಗೇಮ್ ಹುಚ್ಚು ಕಡಿಮೆಯೇನಿಲ್ಲ, ಗುಂಡಿನ ಕೊಲೆಗಳು ಮಾತ್ರ ಅತಿ ಕಡಿಮೆ. ಅಮೆರಿಕದಲ್ಲೂ 90ರ ದಶಕದ ನಡುವಿನಿಂದ ಎಷ್ಟೋ ವರ್ಷ ಗೇಮ್ ಮಾರಾಟ ಏರುತ್ತಾ ಹೋಯಿತು, ಹದಿಹರೆಯದವರ ಹಿಂಸೆ ಇಳಿಯುತ್ತಾ ಹೋಯಿತು.

ನಮ್ಮ ದೇಶದ ಕಥೆಯೂ ಸ್ವಲ್ಪ ತಮಾಷೆಯಾಗಿದೆ. 2019ರ ಮಾರ್ಚ್‌ನಲ್ಲಿ ರಾಜ್‌ಕೋಟ್ ಪೊಲೀಸರು ಪಬ್‌ಜಿ ನಿಷೇಧಿಸಿ, ಆಡಿದ ಹುಡುಗರನ್ನು ಹಿಡಿದೂ ಬಿಟ್ಟರು. 2020ರ ಸೆಪ್ಟೆಂಬರ್‌ನಲ್ಲಿ ದೇಶಾದ್ಯಂತ ಅದಕ್ಕೆ ಬೀಗ ಬಿತ್ತು. ಹಿಂಸೆಗಾಗಿ ನಿಂತಿತು ಅಂತ ಎಷ್ಟೋ ಅಪ್ಪ-ಅಮ್ಮಂದಿರು ಇವತ್ತಿಗೂ ನಂಬಿದ್ದಾರೆ. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಮರುವರ್ಷ ಬಿಜಿಎಂಐ ಅನ್ನುವ ಹೊಸ ಹೆಸರಲ್ಲಿ ಅದೇ ಆಟ ವಾಪಸ್ ಬಂತು.

ಹಾಗಂತ ಅಜ್ಜನ ಮೊಮ್ಮಗನಿಗೆ ಸಿಟ್ಟು ಬರುವುದಿಲ್ಲವಾ? ಬರುತ್ತದೆ, ನಾನೇ ನೋಡಿದ್ದೇನೆ. ಕೊನೆಯ ಐದು ಜನರಲ್ಲಿ ಉಳಿದಿದ್ದಾಗ ಟವರ್ ಹೋಯಿತು. ಮೊಬೈಲ್ ಬೀಸಿ ಒಗೆಯಲು ಕೈ ಎತ್ತಿದ, ಅಮ್ಮ ಊಟಕ್ಕೆ ಕರೆದರೆ ಕೂಗಾಡಿದ. ಇದಕ್ಕೂ ಒಂದು ಅಧ್ಯಯನ ಇದೆ. 2014ರಲ್ಲಿ ಅದೇ ಪ್ರಿಬಿಲ್‌ಸ್ಕಿ ತಂಡದವರು 'ಟೆಟ್ರಿಸ್' ಆಟವನ್ನು ಬೇಕಂತಲೇ ಕೆಡಿಸಿ ಜನರಿಗೆ ಕೊಟ್ಟರು. ಬೇಕಾದ ಇಟ್ಟಿಗೆ ಯಾವತ್ತೂ ಬೀಳದ ಹಾಗೆ. ಅದರಲ್ಲಿ ರಕ್ತ ಇಲ್ಲ, ಕೋವಿ ಇಲ್ಲ, ಬರೀ ಬಣ್ಣದ ಇಟ್ಟಿಗೆ. ಆದರೂ ಆಡಿದವರ ಮೈ ಉರಿಯಿತು. ಎಷ್ಟು ಒದ್ದಾಡಿದರೂ ಕೈಗೆ ಹತ್ತುತ್ತಿಲ್ಲ ಅನ್ನುವ ಹತಾಶೆಯೇ ಸಿಟ್ಟು ತರಿಸುತ್ತದೆ, ಪರದೆಯ ಮೇಲೆ ಯಾರು ಸಾಯುತ್ತಾರೆ ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮೂರಿನ ಮಟ್ಟಿಗೆ ಹೇಳುವುದಾದರೆ ಗೇಮ್‌ಗಿಂತ ನೆಟ್‌ವರ್ಕೇ ಹಿಂಸೆ.

ನಾನು ಅಜ್ಜನಿಗೆ ಚಿಂತೆ ಬಿಡಿ ಅಂತ ಹೇಳಲಿಲ್ಲ. ಬೇರೆ ಚಿಂತೆ ಮಾಡಿ ಅಂದೆ. ಹುಡುಗ ರಾತ್ರಿ ಎಷ್ಟಕ್ಕೆ ಮಲಗುತ್ತಾನೆ, ಫುಟ್ಬಾಲ್ ಆಡುವುದು ಬಿಟ್ಟನಾ, ಊಟ ತಪ್ಪಿಸುತ್ತಾನಾ, ಗೇಮ್‌ನಲ್ಲಿ ದುಡ್ಡು ಹಾಕುತ್ತಾನಾ. ಗೇಮ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್ ಕ್ಲಿನಿಕ್' ನಡೆಯುತ್ತಿದೆ. ಅದು ಬೇರೆ ವಿಷಯ, ಆದರೆ ನಿಜವಾದ ವಿಷಯ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕೋವಿಯಿಂದ ಸತ್ತವರೂ ಇದ್ದಾರಲ್ಲ" ಅಂದರು. ಹೌದು. ಹಂದಿ ಅಂತ ತಿಳಿದು ಕತ್ತಲಲ್ಲಿ ಗುಂಡು ಹಾರಿಸಿದ್ದು, ತೋಟದ ಪಾಲಿನ ಜಗಳ, ಅದರ ಮೇಲೆ ಕುಡಿತ. ಇಂಥ ಸುದ್ದಿ ಇಲ್ಲಿನ ಪೇಪರಿನಲ್ಲಿ ನಾವೆಲ್ಲ ಓದಿದವರೇ. ಓದುವಾಗ ಅವನು ಯಾವ ಗೇಮ್ ಆಡುತ್ತಿದ್ದ ಅಂತ ಯಾರೂ ಕೇಳುವುದಿಲ್ಲ. ಕುಡಿದಿದ್ದನಾ, ಅಣ್ಣತಮ್ಮಂದಿರ ನಡುವೆ ಏನಾಗಿತ್ತು ಅಂತ ಕೇಳುತ್ತೇವೆ. ಆರೋಪಿ ಹುಡುಗನಾದರೆ ಮಾತ್ರ ನಮ್ಮ ಕಣ್ಣು ಸೀದಾ ಮೊಬೈಲಿನ ಮೇಲೆ.

ಕೈಲ್ ಪೊಳ್ದ್ ದಿನ ಮೈದಾನದಲ್ಲಿ ಮೊಮ್ಮಗನ ಸರದಿ ಬಂತು. ಅಜ್ಜ ಹಿಂದೆ ನಿಂತು ಅದೇ ಹಳೇ ಪಾಠ ಒಪ್ಪಿಸಿದರು: ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು, ತುಂಬಿದೆಯೋ ಖಾಲಿಯೋ, ತುಂಬಿದೆ ಅಂತಲೇ ತಿಳಿ. ಹುಡುಗ ಉಸಿರು ಬಿಗಿಹಿಡಿದು ಮೂರು ಗುಂಡು ಹೊಡೆದ. ತೆಂಗಿನಕಾಯಿ ಅಲ್ಲಾಡಲೂ ಇಲ್ಲ.

"ಮೊಬೈಲಲ್ಲಿ ದಿನಾ ಅಷ್ಟು ಜನರನ್ನ ಹೊಡೀತೀಯಲ್ಲೋ?" ಅಂದರು ಅಜ್ಜ.

"ಅದರಲ್ಲಿ ಏಮ್ ಅಸಿಸ್ಟ್ ಇರುತ್ತೆ ಅಜ್ಜ, ಗುರಿ ಹಿಡಿಯೋಕೆ ಅದೇ ಸಹಾಯ ಮಾಡುತ್ತೆ," ಅಂದ ಹುಡುಗ, ಭುಜ ಉಜ್ಜಿಕೊಳ್ಳುತ್ತಾ.